ವಿನ್ನಿಪೆಗ್ಗಿನ ಬ್ಯಾಲೆ ಮೇಳ

ಅರಮನೆಯ ಆಶ್ರಯ, ಸಿರಿವಂತರ ನೆರವು, ತಿಳಿದು ಮೆಚ್ಚುವ ಪ್ರೇಕ್ಷಕವರ್ಗ, ಈ ಮೂರೂ ಒಂದೆಡೆ ಕೂಡಿದ ಮಹಾನಗರದಲ್ಲಲ್ಲದೆ ನೃತ್ಯದಂತಹ ದುಬಾರಿಯ ಕಲೆ ನೆಲೆಯೂರಲಾರದು ಎಂಬುದು ಹಲವರ ಎಣಿಕೆ. ಲಂಡನ್, ಪ್ಯಾರಿಸ್, ಮಾಸ್ಕೊ ನಗರಗಳ ಕಥೆಯನ್ನು ನೋಡಿದರೆ ಈ ಎಣಿಕೆ ಸರಿಯೆಂದೇ ತೋರುವುದು. ನಾವು ಇಲ್ಲಿ ಹೇಳಹೊರಟಿರುವುದು ಇದಕ್ಕೆ ಒಪ್ಪದೆ ನಿಂತ ಒಂದು ಮೇಳದ ಕಥೆಯನ್ನು. ಅದು ಕೆನಡಾ ದೇಶದ ನಟ್ಟನಡುವೆ, ಗೋಧಿಯ ಬಯಲಿನ ಮಧ್ಯದಲ್ಲಿ, ವರ್ಷದಲ್ಲಿ ಐದು ತಿಂಗಳು ಹಿಮದಡಿಯಲ್ಲಿರುವ ವಿನ್ನಿಪೆಗ್ ಎಂಬ ಊರಿನಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ಒಮ್ಮೆ ಸುಟ್ಟು ಬೂದಿಯಾಗಿ, ಮತ್ತೆ ಎದ್ದು, ಇಂದಿಗೂ ಕುಣಿಯುತ್ತಿರುವ ಮೇಳ.

ಮೊದಲು ಬ್ಯಾಲೆ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಯುಕ್ತ. ಶಿವರಾಮ ಕಾರಂತರು ತಮ್ಮ ಪ್ರಯೋಗಗಳನ್ನು ‘ಯಕ್ಷಗಾನ ಬ್ಯಾಲೆ’ ಎಂದು ಕರೆದ ಮೇಲೆ ಈ ಪದ ನಮಗೆ ತೀರ ಪರಕೀಯವಾಗಿ ಉಳಿದಿಲ್ಲ. ಆದರೆ ಅದರ ಮೂಲಾರ್ಥ ಇನ್ನೂ ಇಕ್ಕಟ್ಟಾದುದು. ಇಟಲಿಯ ಅರಮನೆಗಳಲ್ಲಿ ಮೊಳೆತು ಫ್ರಾನ್ಸಿನ ಅರಮನೆಯಲ್ಲಿ ಬೆಳೆದ ಶಾಸ್ತ್ರೀಯ ನೃತ್ಯಪದ್ಧತಿಯೊಂದಕ್ಕೆ ಆ ಹೆಸರು. ಹದಿನಾಲ್ಕನೆಯ ಲೂಯಿ ದೊರೆ ತಾನೇ ಒಳ್ಳೆಯ ನರ್ತಕನಾಗಿದ್ದು, ೧೬೬೧ರಲ್ಲಿ ನೃತ್ಯಕ್ಕೆಂದೇ ಒಂದು ರಾಜವಿದ್ಯಾಪೀಠವನ್ನು ಸ್ಥಾಪಿಸಿದನು. ಅಂದಿನಿಂದ ಆ ಕಲೆಯ ಪರಿಭಾಷೆಯೆಲ್ಲ ಫ್ರೆಂಚಿನದು. ರಷ್ಯದವನಾಗಲಿ ಕೆನಡದವನಾಗಲಿ ತರಗತಿಯಲ್ಲಿ ಗುರು ಕೂಗುವ ಅಡವುಗಳ ಹೆಸರು ಒಂದೇ. ಪಾದಗಳಿಗೆ ಐದು ಮೂಲಸ್ಥಾನಗಳು. ತೊಡೆಯ ಸಂದಿನಿಂದಲೇ ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲುವ ಅಭ್ಯಾಸ. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಹೆಂಗಸರು ಕಾಲ್ಬೆರಳ ತುದಿಯ ಮೇಲೆ ನಿಂತು ಆಡುವ ಚಮತ್ಕಾರ. ನಮ್ಮ ನರ್ತಕಿ ಭೂಮಿಯನ್ನು ಮೆಟ್ಟಿ ಮಾತನಾಡಿಸುವಳು. ಅವರ ನರ್ತಕಿ ಭೂಮಿಯ ಹಂಗನ್ನೇ ಬಿಟ್ಟೇಳಲು ಹವಣಿಸುವಳು. ಅವರಲ್ಲಿ ಆಡುವವರು ಹಾಡುವುದಿಲ್ಲ, ಅರ್ಥ ಹೇಳುವುದಿಲ್ಲ. ಕಥೆಯ ಭಾರವೆಲ್ಲ ಅಂಗಾಂಗಗಳ ಮೇಲೆಯೂ ವಾದ್ಯವೃಂದದ ಮೇಲೆಯೂ ಬೀಳುವುದು.

ಇದಕ್ಕೆ ತಗಲುವ ವೆಚ್ಚವನ್ನೂ ನೆನಪಿಡಬೇಕು. ಎಂಟು ಹತ್ತು ವರ್ಷದ ಮಗುವನ್ನು ಹಿಡಿದು ದಿನದಿನವೂ ತಿದ್ದಿದರೆ ಹದಿನೆಂಟಕ್ಕೆ ಒಬ್ಬ ನರ್ತಕಿ ಸಿದ್ಧಳಾದಾಳು. ಅವಳು ತೊಡುವ ಬೆರಳುಗಟ್ಟಿನ ಪಾದರಕ್ಷೆ ದೊಡ್ಡ ಆಟವೊಂದರಲ್ಲಿಯೇ ಸವೆದುಹೋಗುವುದುಂಟು. ಅಂತಹ ಇಪ್ಪತ್ತು ಮೂವತ್ತು ಜನ, ಅವರ ಉಡುಪು, ಪರದೆಗಳು, ವಾದ್ಯಗಾರರು, ಇವೆಲ್ಲವನ್ನೂ ಸಾಕುವ ಶಕ್ತಿ ಎಷ್ಟು ಊರುಗಳಿಗೆ ಇದ್ದೀತು?

ವಿನ್ನಿಪೆಗ್ ಮ್ಯಾನಿಟೋಬ ಪ್ರಾಂತದ ಮುಖ್ಯ ಪಟ್ಟಣ. ಕೆಂಪು ನದಿಯೂ ಅಸಿನಿಬೊಯಿನ್ ನದಿಯೂ ಕೂಡುವ ಸಂಗಮದಲ್ಲಿ ಅದು ಇದೆ. ಹೆಸರು ಅಲ್ಲಿಯ ಮೂಲನಿವಾಸಿಗಳಾದ ಕ್ರೀ ಜನರ ಭಾಷೆಯದು. ಕದಡಿದ ನೀರು ಎಂದು ಅರ್ಥ. ಟೊರಾಂಟೊ ನಗರಕ್ಕೆ ಅಲ್ಲಿಂದ ೧,೩೦೦ ಮೈಲಿಗೂ ಮೀರಿದ ದಾರಿ. ಚಳಿಗಾಲದಲ್ಲಿ ಉಷ್ಣಮಾನ ಸೊನ್ನೆಯಿಂದ ೩೦ ಡಿಗ್ರಿ ಕೆಳಕ್ಕೆ ಇಳಿಯುವುದು ಅಲ್ಲಿಯವರಿಗೆ ಸುದ್ದಿಯೇ ಅಲ್ಲ. ೧೮೮೦ರ ದಶಕದಲ್ಲಿ ರೈಲುದಾರಿ ಬಂದ ಮೇಲೆ ಊರು ಬೆಳೆಯಿತು. ಬಯಲಿನ ಗೋಧಿಯೆಲ್ಲ ಅಲ್ಲಿಯೇ ಮಾರಾಟವಾಗುತ್ತಿದ್ದಿತು. ಸ್ಕಾಟರು, ಉಕ್ರೇನಿನವರು, ಜರ್ಮನರು, ಯೆಹೂದ್ಯರು, ಐಸ್ಲೆಂಡಿನವರು ತಂತಮ್ಮ ಹಾಡು ಕುಣಿತಗಳನ್ನು ಗಂಟುಕಟ್ಟಿಕೊಂಡು ಬಂದು ನೆಲಸಿದರು. ಎರಡನೆಯ ಮಹಾಯುದ್ಧದ ವೇಳೆಗೆ ಜನಸಂಖ್ಯೆ ಎರಡು ಲಕ್ಷವನ್ನು ದಾಟಿದ್ದಿತು. ಎಂದರೆ ಅಂದಿನ ನಮ್ಮ ಮೈಸೂರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅದರ ಮೇಲೆ ೧೯೩೦ರ ದಶಕದ ಅನಾವೃಷ್ಟಿ. ಗೋಧಿಯ ಬೆಲೆ ಬಿದ್ದು, ಹೊಲದ ಮಣ್ಣು ಗಾಳಿಗೆ ಹಾರಿ, ಊರಿನಲ್ಲಿ ನಿರುದ್ಯೋಗಿಗಳ ಸಾಲು ನಿಂತ ಕಾಲ ಅದು.

ಅಂತಹ ಊರಿಗೆ ೧೯೩೮ರಲ್ಲಿ ಇಂಗ್ಲೆಂಡಿನಿಂದ ಇಬ್ಬರು ಹೆಂಗಸರು ಬಂದಿಳಿದರು. ಒಬ್ಬರು ಗ್ವೆನೆತ್ ಲಾಯ್ಡ್. ೧೯೦೧ರಲ್ಲಿ ಹುಟ್ಟಿ, ಲೀಡ್ಸ್ ಪಟ್ಟಣದಲ್ಲಿ ನೃತ್ಯಶಾಲೆ ನಡೆಸಿದ್ದವರು. ಇನ್ನೊಬ್ಬರು ಅವರ ಶಿಷ್ಯೆ ಬೆಟ್ಟಿ. ಮುಂದೆ ಬೆಟ್ಟಿ ಫರಾಲಿ ಎಂದು ಹೆಸರಾದವರು. ಲಾಯ್ಡ್ ದೊಡ್ಡ ನರ್ತಕಿಯೆಂದು ಮೆರೆದವರಲ್ಲ. ಯೂರೋಪಿನ ಯಾವ ಪ್ರಸಿದ್ಧ ಮೇಳದ ಮುದ್ರೆಯೂ ಅವರ ಮೇಲಿರಲಿಲ್ಲ. ಅವರು ಹುಟ್ಟಾ ಉಪಾಧ್ಯಾಯಿನಿ. ಬಹುಶಃ ಈ ಕಥೆಯ ಗುಟ್ಟು ಅಲ್ಲಿಯೇ ಇದೆ ಎಂದು ನಮಗೆ ತೋರುವುದು. ದೊಡ್ಡ ನರ್ತಕಿಯಾಗಿದ್ದರೆ ತನ್ನ ಸುತ್ತ ಮೇಳವನ್ನು ಕಟ್ಟುತ್ತಿದ್ದರು. ಉಪಾಧ್ಯಾಯಿನಿಯಾದ್ದರಿಂದ ಮೊದಲು ಶಾಲೆಯನ್ನು ತೆರೆದರು. ಶಾಲೆಯ ಮಕ್ಕಳಿಗೆ ಆಡಲು ಒಂದು ವೇದಿಕೆ ಬೇಕಾಯಿತು. ಆ ಬೇಡಿಕೆಯಿಂದ ವಿನ್ನಿಪೆಗ್ ಬ್ಯಾಲೆ ಕ್ಲಬ್ಬು ಹುಟ್ಟಿತು.

೧೯೩೯ರಲ್ಲಿ ಆರನೆಯ ಜಾರ್ಜ್ ದೊರೆಯೂ ರಾಣಿಯೂ ಕೆನಡಾವನ್ನು ಸಂದರ್ಶಿಸಿದರು. ಆ ಸಂಭ್ರಮದ ಅಂಗವಾಗಿ ವಿನ್ನಿಪೆಗ್ಗಿನಲ್ಲಿ ಜೂನ್ ತಿಂಗಳಲ್ಲಿ ಒಂದು ದೊಡ್ಡ ದೃಶ್ಯೋತ್ಸವ ನಡೆಯಿತು. ಕ್ಲಬ್ಬಿನ ಮೊದಲ ಆಟ ಅದರಲ್ಲಿಯೇ. ಲಾಯ್ಡ್ ಎರಡು ಕಿರುನೃತ್ಯಗಳನ್ನು ಕಟ್ಟಿದ್ದರು. ಒಂದರ ಹೆಸರು ‘ಧಾನ್ಯ’. ಇನ್ನೊಂದರ ಹೆಸರು ‘ಕಿಲೊವಾಟ್ ಮಾಯೆ’. ಒಂದು ಗೋಧಿಯ ಬೆಳೆಯನ್ನೂ ಇನ್ನೊಂದು ಜಲವಿದ್ಯುಚ್ಛಕ್ತಿಯನ್ನೂ ಕುರಿತದ್ದು. ಯಕ್ಷಿಣಿಯರೂ ಹಂಸಗಳೂ ರಾಜಕುಮಾರರೂ ಇಲ್ಲದ ಬ್ಯಾಲೆ! ನೋಡುವವರು ಯಾರು, ಅವರ ಅನ್ನ ಎಲ್ಲಿಂದ ಬರುವುದು ಎಂಬುದನ್ನು ಆ ಇಂಗ್ಲಿಷ್ ಮಹಿಳೆ ಒಂದು ವರ್ಷದೊಳಗೆ ಕಂಡುಕೊಂಡಿದ್ದರು. ನಮ್ಮ ಶಿವನಸಮುದ್ರದಲ್ಲಿ ವಿದ್ಯುಚ್ಛಕ್ತಿ ಹುಟ್ಟಿ ಕೋಲಾರದ ಗಣಿಗೆ ಹರಿದದ್ದು ೧೯೦೨ರಲ್ಲಿ. ಅದನ್ನು ಕುರಿತು ನೃತ್ಯ ಕಟ್ಟಿದವರನ್ನು ನಾವು ಕಾಣೆವು.

ಅಲ್ಲಿಂದ ಮುಂದೆ ಹತ್ತು ವರ್ಷ ಹವ್ಯಾಸಿಗಳ ಕಾಲ. ಹಗಲು ಅಂಗಡಿಯಲ್ಲೋ ಕಛೇರಿಯಲ್ಲೋ ದುಡಿದು ಸಂಜೆ ಅಭ್ಯಾಸಕ್ಕೆ ಬರುವವರು. ಮನೆಯ ಹೆಂಗಸರು ಹೊಲಿದುಕೊಟ್ಟ ಉಡುಪುಗಳು. ಯುದ್ಧ ಬಂದಿತು, ಗಂಡು ನರ್ತಕರು ಸೈನ್ಯಕ್ಕೆ ಹೋದರು. ಹೆಂಗಸರೇ ಹೆಚ್ಚಾಗಿ ಆಡಬಲ್ಲ ನೃತ್ಯಗಳನ್ನು ಕಟ್ಟಬೇಕಾಯಿತು. ಲಾಯ್ಡ್ ಅವರ ಒಂದು ಸೂತ್ರ ಇಲ್ಲಿ ಹೇಳತಕ್ಕದ್ದು. ಒಂದು ಸಂಜೆಯ ಕಾರ್ಯಕ್ರಮದಲ್ಲಿ ಶುದ್ಧ ಶಾಸ್ತ್ರೀಯವಾದುದೊಂದು, ಗಂಭೀರವಾದ ಕಥಾವಸ್ತುವಿನದೊಂದು, ನಗಿಸುವಂಥದೊಂದು ಇರಲೇಬೇಕು; ಮನೆಯಿಂದ ಹೊರಟುಬಂದ ಗೋಧಿ ವ್ಯಾಪಾರಿಗೂ ಅವನ ಹೆಂಡತಿಗೂ ಮಗಳಿಗೂ ಒಬ್ಬೊಬ್ಬರಿಗೆ ಒಂದೊಂದಾದರೂ ಹಿಡಿಸಬೇಕು. ಪಂಡಿತರು ಇದನ್ನು ವ್ಯಾಪಾರಬುದ್ಧಿ ಎಂದಾರು. ನಮ್ಮ ಬಯಲಾಟದ ಭಾಗವತನನ್ನು ಕೇಳಿದರೆ, ಹಾಸ್ಯಗಾರನಿಲ್ಲದೆ ರಾತ್ರಿ ಬೆಳಗಾಗುವುದು ಹೇಗೆ ಎಂದು ಅವನು ಮರಳಿ ಕೇಳುವನು.

೧೯೪೩ರಲ್ಲಿ ಕ್ಲಬ್ಬೆಂಬ ಹೆಸರು ಬಿದ್ದುಹೋಗಿ ‘ವಿನ್ನಿಪೆಗ್ ಬ್ಯಾಲೆ’ ಎಂದಾಯಿತು. ೧೯೪೮ರಲ್ಲಿ ಮೇಳದವರು ಇನ್ನೊಂದು ಸಾಹಸಕ್ಕೆ ಕೈಹಾಕಿದರು. ಕೆನಡದ ಬೇರೆಬೇರೆ ಊರುಗಳಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದೆ ಕುಣಿಯುತ್ತಿದ್ದ ತಂಡಗಳನ್ನು ತಮ್ಮ ಊರಿಗೆ ಕರೆದು ಬ್ಯಾಲೆ ಉತ್ಸವವನ್ನು ನಡೆಸಿದರು. ಟೊರಾಂಟೊದಿಂದ ವೊಲ್ಕಾಫನ ತಂಡ, ಮಾಂಟ್ರಿಯಲ್ಲಿನಿಂದ ರೂತ್ ಸೊರೆಲ್ ಅವರ ತಂಡ, ಮನೆಯ ತಂಡ, ಹೀಗೆ ಮೂರೇ ತಂಡಗಳು. ಆದರೆ ಪತ್ರಿಕೆಗಳು ಬರೆದವು. ದೇಶಕ್ಕೆ ತನ್ನಲ್ಲಿಯೂ ಬ್ಯಾಲೆ ಇದೆಯೆಂಬ ಅರಿವಾಯಿತು. ಮುಂದಿನ ವರ್ಷಗಳಲ್ಲಿ ಉತ್ಸವ ಬೇರೆ ನಗರಗಳಿಗೂ ಹೋಗಿ, ಬರುವ ತಂಡಗಳ ಸಂಖ್ಯೆ ಬೆಳೆಯಿತು. ೧೯೪೯ರಲ್ಲಿ ವಿನ್ನಿಪೆಗ್ ಮೇಳ ಸಂಬಳ ಕೊಡುವ ವೃತ್ತಿಮೇಳವಾಯಿತು. ಟೊರಾಂಟೊದಲ್ಲಿ ಸೀಲಿಯ ಫ್ರಾಂಕ ಅವರು ಕೆನಡಾ ರಾಷ್ಟ್ರೀಯ ಬ್ಯಾಲೆಯನ್ನು ಸ್ಥಾಪಿಸಿದ್ದು ೧೯೫೧ರಲ್ಲಿ. ಬಯಲುಸೀಮೆಯ ಊರು ಮಹಾನಗರಕ್ಕಿಂತ ಮುಂದಾಗಿತ್ತು.

ಈ ಹೊತ್ತಿನಲ್ಲಿ ನಮ್ಮ ದೇಶಕ್ಕೂ ವಿನ್ನಿಪೆಗ್ಗಿಗೂ ಒಂದು ನಂಟು ಬಿದ್ದುದನ್ನು ಹೇಳದೆ ಮುಂದೆ ಹೋಗಲಾರೆವು. ರೇಡಿಯೋ ಕೇಳುವವರಿಗಂತೂ ಇದು ಪ್ರಿಯವಾಗತಕ್ಕ ಸಂಗತಿ. ಆಕಾಶವಾಣಿಯ ನಿಲಯಗಳು ಪ್ರಸಾರವನ್ನು ಆರಂಭಿಸುವಾಗ ತಂಬೂರಿಯ ಶ್ರುತಿಯ ಮೇಲೆ ಪಿಟೀಲಿನಲ್ಲಿ ಕೇಳಿಬರುವ ಸಂಕೇತಗೀತವನ್ನು ಯಾರು ಬಲ್ಲರು ಎಂದು ಕೇಳಬೇಕಾಗಿಲ್ಲ. ತಲೆಮಾರುಗಳಿಂದ ನಮ್ಮ ಮುಂಜಾವು ಆರಂಭವಾದದ್ದೇ ಅದರೊಡನೆ. ಅದನ್ನು ರಚಿಸಿದವನು ವಾಲ್ಟರ್ ಕಾಫ್‌ಮನ್ ಎಂದು ಪ್ರತೀತಿ. ಈತ ೧೯೦೭ರಲ್ಲಿ ಬೊಹೀಮಿಯದ ಕಾರ್ಲ್ಸ್‌ಬಾಡಿನಲ್ಲಿ ಹುಟ್ಟಿದ ಯೆಹೂದ್ಯ ಸಂಗೀತಗಾರ. ಯೂರೋಪಿನಲ್ಲಿ ತನ್ನ ಜನಕ್ಕೆ ಬರಲಿದ್ದ ಕೇಡನ್ನು ಕಂಡು ೧೯೩೪ರಲ್ಲಿ ಮುಂಬಯಿಗೆ ಬಂದು, ಅಲ್ಲಿಯ ರೇಡಿಯೋ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವನ್ನು ನೋಡಿಕೊಂಡು ೧೯೪೬ರವರೆಗೆ ಇದ್ದನು. ಆಮೇಲೆ ಕೆನಡಾ ಸೇರಿ, ಹೊಸದಾಗಿ ಕಟ್ಟಿದ ವಿನ್ನಿಪೆಗ್ ಸಿಂಫನಿ ವಾದ್ಯವೃಂದಕ್ಕೆ ನಾಯಕನಾದನು. ಲಾಯ್ಡ್ ಅವರು ಆ ಕಾಲದಲ್ಲಿ ಸಂಯೋಜಿಸಿದ ‘ವಿಸಾಜ್’, ಎಂದರೆ ಮುಖಗಳು, ಎಂಬ ನೃತ್ಯಕ್ಕೆ ಸಂಗೀತವನ್ನು ಬರೆದವನು ಈತನೇ. ಕೊನೆಗೆ ಅಮೆರಿಕದಲ್ಲಿ ಪ್ರಾಧ್ಯಾಪಕನಾಗಿ ನಮ್ಮ ಉತ್ತರಾದಿ ದಕ್ಷಿಣಾದಿ ರಾಗಗಳೆರಡನ್ನೂ ಕುರಿತು ದೊಡ್ಡ ಗ್ರಂಥಗಳನ್ನು ಬರೆದು ೧೯೮೪ರಲ್ಲಿ ತೀರಿಕೊಂಡನು. ಮುಂಬಯಿಯ ಬಿಸಿಲಿನಿಂದ ವಿನ್ನಿಪೆಗ್ಗಿನ ಹಿಮಕ್ಕೆ ಹೋದ ಆ ದೇಶಭ್ರಷ್ಟನಿಗೆ ಮೊದಲ ಚಳಿಗಾಲ ಹೇಗೆ ಕಳೆದಿರಬೇಕು!

ಲಾಯ್ಡ್ ಅವರ ಕೃತಿಗಳಲ್ಲಿ ಬಲ್ಲವರು ಮೇಲಾಗಿ ಎಣಿಸುವುದು ೧೯೫೨ರ ‘ಬಯಲಿನ ಮೇಲೊಂದು ನೆರಳು’ ಎಂಬುದನ್ನು. ಸಂಗೀತ ರಾಬರ್ಟ್ ಫ್ಲೆಮಿಂಗನದು. ವಸ್ತು ಸರಳ. ಸ್ಕಾಟ್ಲೆಂಡಿನಿಂದ ಗಂಡನೊಡನೆ ಬಂದ ಹೊಸ ಮದುವಣಗಿತ್ತಿ ಕೆನಡದ ಬಯಲಿನಲ್ಲಿ ಮನೆಹೂಡುವಳು. ಗಂಡನಿಗೆ ಹೊಲವಿದೆ, ದುಡಿಮೆಯಿದೆ. ಅವಳಿಗೆ ಕಣ್ಣು ಹರಿದಷ್ಟು ದೂರವೂ ಬಯಲು, ಕಿವಿಗೆ ಗಾಳಿ. ಚಳಿಗಾಲ ಬರುವುದು. ಒಂಟಿತನ ಅವಳ ಬುದ್ಧಿಯನ್ನು ಮೆಲ್ಲಮೆಲ್ಲನೆ ತಿನ್ನುವುದು. ಕೊನೆಗೆ ಅವಳು ತವರಿನಿಂದ ತಂದ ಮದುವೆಯ ಪೆಟ್ಟಿಗೆಯೊಳಗೆ ತಾನೇ ಹೊಕ್ಕು ಪ್ರಾಣಬಿಡುವಳು. ಆಟ ನೋಡಲು ಕುಳಿತವರಲ್ಲಿ ಅನೇಕರ ಅಜ್ಜಿಯರು ಹಾಗೆಯೇ ಪೆಟ್ಟಿಗೆ ಹೊತ್ತು ಬಂದವರೆಂಬುದನ್ನು ನೆನೆದರೆ ಆ ರಂಗಮಂದಿರದ ಮೌನವನ್ನು ನಾವು ಊಹಿಸಿಕೊಳ್ಳಬಹುದು. ಹಂಸಸರೋವರದ ರಾಜಕುಮಾರಿಗಾಗಿ ಮರುಗುವುದು ಬೇರೆ, ತಮ್ಮ ಮನೆಯ ಹಳೆಯ ಪೆಟ್ಟಿಗೆಯನ್ನು ರಂಗದ ಮೇಲೆ ಕಾಣುವುದು ಬೇರೆ.

೧೯೫೧ರ ಅಕ್ಟೋಬರಿನಲ್ಲಿ ರಾಜಕುಮಾರಿ ಎಲಿಜಬೆತ್ ವಿನ್ನಿಪೆಗ್ಗಿಗೆ ಬಂದಾಗ ಮೇಳದ ಆಟವನ್ನು ನೋಡಿದ್ದಳು. ಅವಳು ರಾಣಿಯಾದ ಮೇಲೆ, ೧೯೫೩ರಲ್ಲಿ, ಮೇಳಕ್ಕೆ ‘ರಾಯಲ್’ ಎಂಬ ಬಿರುದು ದೊರೆಯಿತು. ಕಾಮನ್‌ವೆಲ್ತಿನ ಬ್ಯಾಲೆ ಮೇಳಗಳಲ್ಲಿ ಆ ಬಿರುದನ್ನು ಮೊದಲು ಪಡೆದದ್ದು ಇದೇ. ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಮೇಳ ‘ರಾಯಲ್ ಬ್ಯಾಲೆ’ ಆದದ್ದು ೧೯೫೬ರಲ್ಲಿ. ಬಿರುದಿನಿಂದ ನರ್ತಕರ ಹೊಟ್ಟೆ ತುಂಬುವುದಿಲ್ಲ ನಿಜ. ಆದರೆ ದೂರದ ಊರಿನವನು ಚೀಟಿ ಕೊಳ್ಳುವ ಮುನ್ನ ಹೆಸರನ್ನು ನೋಡುವನಷ್ಟೆ.

ಬಿರುದು ಬಂದ ಮರುವರ್ಷವೇ ವಿಪತ್ತು. ೧೯೫೪ನೆಯ ಜೂನ್ ೮ರಂದು ಪೇಟೆಯ ನಡುವೆ ಹೊತ್ತಿಕೊಂಡ ದೊಡ್ಡ ಬೆಂಕಿಯಲ್ಲಿ ಮೇಳದ ಅಭ್ಯಾಸಶಾಲೆ ಉರಿದುಹೋಯಿತು. ಹದಿನೈದು ವರ್ಷ ಕೂಡಿಸಿದ ಉಡುಪುಗಳು, ಪರದೆಗಳು, ಸಂಗೀತದ ಹಸ್ತಪ್ರತಿಗಳು, ನೃತ್ಯ ಸಂಯೋಜನೆಯ ಟಿಪ್ಪಣಿಗಳು, ಎಲ್ಲವೂ ಬೂದಿ. ಕಟ್ಟಡ ಹೋದರೆ ಕಟ್ಟಬಹುದು. ಉಡುಪು ಹೋದರೆ ಹೊಲಿಯಬಹುದು. ಲಾಯ್ಡ್ ಅವರು ಆ ಮೇಳಕ್ಕಾಗಿ ಮೂವತ್ತಕ್ಕೂ ಹೆಚ್ಚು ನೃತ್ಯಗಳನ್ನು ಕಟ್ಟಿದ್ದರು. ಅವುಗಳಲ್ಲಿ ಬಹುಪಾಲು ಅಂದಿಗೆ ಇಲ್ಲವಾದವು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಕವಿಯ ಮನೆ ಸುಟ್ಟರೆ ಅಚ್ಚಾದ ಪುಸ್ತಕ ಇನ್ನೊಬ್ಬನ ಮನೆಯಲ್ಲಿ ಇರುವುದು. ಸಂಗೀತಕ್ಕೂ ಸ್ವರಲಿಪಿಯುಂಟು. ನೃತ್ಯಕ್ಕೆ ಮಾತ್ರ ದೇಹವೇ ಗ್ರಂಥ. ಜರ್ಮನಿಯಲ್ಲಿ ಲಾಬನ್ ಎಂಬಾತ ೧೯೨೮ರಲ್ಲಿ ಚಲನೆಯನ್ನು ಬರೆದಿಡುವ ಲಿಪಿಯೊಂದನ್ನು ಪ್ರಕಟಿಸಿದ್ದನು. ಇಂಗ್ಲೆಂಡಿನ ಬೆನೆಶ್ ದಂಪತಿಗಳ ಲಿಪಿ ೧೯೫೦ರ ದಶಕದ ನಡುವೆ ಹೊರಬಂದಿತು. ಆದರೆ ಬಡ ಮೇಳವೊಂದಕ್ಕೆ ಅಂತಹ ಲಿಪಿಕಾರನನ್ನು ಇಟ್ಟುಕೊಳ್ಳುವ ಅನುಕೂಲ ಎಲ್ಲಿಯದು? ಗುರು ಆಡಿ ತೋರಿಸುವನು, ಶಿಷ್ಯ ಆಡಿ ಕಲಿಯುವನು. ಶಿಷ್ಯ ಆಡುವುದನ್ನು ನಿಲ್ಲಿಸಿ ಹತ್ತು ವರ್ಷವಾದರೆ ಅವನ ಕಾಲಿಗೂ ನೆನಪಿರುವುದಿಲ್ಲ. ನಮ್ಮಲ್ಲಿಯೂ ಇದೇ ಪಾಡು. ಮೈಸೂರು ಆಸ್ಥಾನದ ಜಟ್ಟಿ ತಾಯಮ್ಮನವರು ೧೯೪೭ರಲ್ಲಿ ತೀರಿಕೊಂಡಾಗ, ಒಂದೇ ಸಾಲನ್ನು ಬಗೆಬಗೆಯಾಗಿ ಬಿಡಿಸಿ ತೋರುತ್ತಿದ್ದ ಅವರ ಅಭಿನಯವನ್ನು ಬರೆದಿಟ್ಟ ಪುಸ್ತಕ ಯಾವುದಿತ್ತು? ಶಿಷ್ಯೆ ವೆಂಕಟಲಕ್ಷಮ್ಮನವರ ಕಣ್ಣು ಕೈಗಳಲ್ಲಿ ಅದು ಉಳಿಯಿತು. ಅವರು ೨೦೦೨ರವರೆಗೆ ಬಾಳಿ, ಕಲಿಸಿ, ದಾಟಿಸಿದ್ದರಿಂದ ನಮಗೆ ದೊರೆಯಿತು. ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳು ತಾಳೆಗರಿಯಲ್ಲಿ ನಿಂತವು. ಹಳೆಯ ವೇಷಧಾರಿಗಳ ಹೆಜ್ಜೆಗಳು ಎಷ್ಟು ನಿಂತವೋ ಬಲ್ಲವರಾರು?

ವಿನ್ನಿಪೆಗ್ಗಿನಲ್ಲಿ ಆ ದಾಟುವಿಕೆ ನಡೆಯಲಿಲ್ಲ. ಲಾಯ್ಡ್ ೧೯೫೦ರಲ್ಲಿಯೇ ಟೊರಾಂಟೊದಲ್ಲಿ ಶಾಲೆ ತೆರೆಯಲು ಹೊರಟುಹೋಗಿದ್ದರು. ಹಳೆಯ ನರ್ತಕರಲ್ಲಿ ಕೆಲವರು ಲಂಡನ್ನಿಗೂ ಇನ್ನಿತರ ಕಡೆಗೂ ಚದರಿದ್ದರು. ಮತ್ತೆ ಎದ್ದ ಮೇಳಕ್ಕೆ ಹೊಸ ಕೃತಿಗಳೇ ಬೇಕಾದವು. ‘ಬಯಲಿನ ಮೇಲೊಂದು ನೆರಳು’ ಮಾತ್ರ ಉಳಿಯಿತು. ಅದೂ ಒಂದು ಅದೃಷ್ಟದಿಂದ. ಬೆಂಕಿಗೆ ಒಂದು ವರ್ಷ ಮೊದಲು ಕೆನಡದ ಸರ್ಕಾರಿ ಚಲಚ್ಚಿತ್ರ ಮಂಡಲಿಯವರು ಅದನ್ನು ಚಿತ್ರೀಕರಿಸಿಕೊಂಡು ಹೋಗಿದ್ದರು. ಸುರುಳಿ ಬೇರೆ ಊರಿನಲ್ಲಿತ್ತು, ಉಳಿಯಿತು.

ಬೆಂಕಿಯ ಮೇಲಿನ ನಾಲ್ಕು ವರ್ಷ ಹೇಳಿಕೊಳ್ಳುವಂಥವಲ್ಲ. ಕೆಲಕಾಲ ಆಟವೇ ನಿಂತಿತು. ಆಮೇಲೆ ಅಮೆರಿಕದ ರುಥಾನ ಬೋರಿಸ್ ಬಂದರು, ಹೋದರು. ಬೆಂಜಮಿನ್ ಹಾರ್ಕಾರ್ವಿ ಬಂದನು, ಅವನೂ ಹೋದನು. ೧೯೫೮ರಲ್ಲಿ ಮೇಳವನ್ನು ಮುಚ್ಚುವುದೇ ಮೇಲೆಂಬ ಮಾತು ಬಾಯಿಂದ ಬಾಯಿಗೆ ಹರಿದಾಡುವ ಸ್ಥಿತಿಯಲ್ಲಿ ಹೊಣೆ ಆರ್ನಲ್ಡ್ ಸ್ಪೋರನ ಮೇಲೆ ಬಿದ್ದಿತು.

ಸ್ಪೋರ್ ಹೊರಗಿನವನಲ್ಲ. ೧೯೨೩ರಲ್ಲಿ ನೆರೆಯ ಸಸ್ಕಾಚೆವಾನ್ ಪ್ರಾಂತದಲ್ಲಿ ಲೂಥರನ್ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದವನು. ಕಲಿತದ್ದು ಪಿಯಾನೊ. ೧೯೪೨ರಲ್ಲಿ ಸಂಚಾರಕ್ಕೆ ಬಂದಿದ್ದ ರಷ್ಯದ ಪರಂಪರೆಯ ಮೇಳವೊಂದರ ಆಟವನ್ನು ಅಕ್ಕನ ಬಲವಂತಕ್ಕೆ ನೋಡಲು ಹೋಗಿ, ಮನೆಗೆ ಬರುವಾಗ ನರ್ತಕನಾಗುವ ನಿರ್ಧಾರದೊಡನೆ ಬಂದನು. ಹತ್ತೊಂಬತ್ತು ವರ್ಷ ವಯಸ್ಸು. ಬ್ಯಾಲೆಗೆ ಮುದಿತನವೆಂದೇ ಹೇಳಬೇಕು. ಆದರೂ ಲಾಯ್ಡ್ ಅವರ ಶಾಲೆಯಲ್ಲಿ ಕಲಿತು ಅದೇ ಮೇಳದ ಪ್ರಧಾನ ನರ್ತಕನಾದನು. ಈಗ ನಿರ್ದೇಶಕನಾದ ಮೇಲೆ ಮೂವತ್ತು ವರ್ಷ, ೧೯೮೮ರವರೆಗೆ, ಆ ಪೀಠವನ್ನು ಬಿಡಲಿಲ್ಲ.

ಅವನು ಮಾಡಿದ್ದೇನು? ಮೊದಲನೆಯದಾಗಿ ತನಗೆ ತಿಳಿಯದುದನ್ನು ಕಲಿಯಲು ಹೊರಟನು. ಕೋಪನ್‌ಹೇಗನ್ನಿನಲ್ಲಿದ್ದ ವೆರ ವೊಲ್ಕೊವ ಎಂಬ ದೊಡ್ಡ ಶಿಕ್ಷಕಿಯ ಬಳಿಯೂ ರಷ್ಯದ ಶಾಲೆಗಳಲ್ಲಿಯೂ ಕುಳಿತು ಪಾಠಕ್ರಮವನ್ನು ನೋಡಿ ಬಂದನು. ಆಮೇಲೆ ಒಳ್ಳೆಯ ಸಂಯೋಜಕರು ಎಲ್ಲಿದ್ದರೂ ಕರೆತಂದನು. ಅಮೆರಿಕದ ಆಗ್ನೆಸ್ ಡಿ ಮಿಲ್ ೧೯೬೨ರಲ್ಲಿ ಈ ಮೇಳಕ್ಕಾಗಿ ಒಂದು ಕೃತಿಯನ್ನು ಕಟ್ಟಿದರು. ಮಾಂಟ್ರಿಯಲ್ಲಿನ ಬ್ರಯನ್ ಮೆಕ್‌ಡೊನಾಲ್ಡ್ ೧೯೫೯ರಲ್ಲಿ ಕುದುರೆಸವಾರರ ಪಶ್ಚಿಮಸೀಮೆಯನ್ನು ಹಾಸ್ಯಮಾಡುವ ‘ಲೆ ವೂಪ್ಸ್-ಡಿ-ಡೂ’ ಎಂಬುದನ್ನು ಕಟ್ಟಿ ಜನರನ್ನು ನಗಿಸಿದನು. ೧೯೬೬ರಲ್ಲಿ ‘ರೋಜ್ ಲಾಟುಲಿಪ್’ ಎಂಬ ಪೂರ್ಣಪ್ರಮಾಣದ ನೃತ್ಯನಾಟಕವನ್ನು ಕಟ್ಟಿದನು. ಅಪರಿಚಿತನ ವೇಷದಲ್ಲಿ ಬಂದ ಸೈತಾನನೊಡನೆ ರಾತ್ರಿಯೆಲ್ಲ ಕುಣಿದ ಹುಡುಗಿಯ ಕಥೆ ಅದು. ಕ್ವಿಬೆಕ್ಕಿನ ಹಳ್ಳಿಗರ ಬಾಯಲ್ಲಿದ್ದ ಐತಿಹ್ಯ.

ಎರಡನೆಯದಾಗಿ, ಮೇಳವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟನು. ನರ್ತಕರು ಇಪ್ಪತ್ತೈದರ ಆಸುಪಾಸು. ದೊಡ್ಡ ಮೇಳದಲ್ಲಿ ನಾಯಕಿಯ ಹಿಂದೆ ಸಾಲುಗಟ್ಟಿ ನಿಲ್ಲುವುದೇ ಹಲವರ ಆಯುಷ್ಯದ ಕೆಲಸವಾಗುವುದು. ಇಲ್ಲಿ ಪ್ರತಿಯೊಬ್ಬನೂ ಎಲ್ಲ ವೇಷಕ್ಕೂ ಸಿದ್ಧನಿರಬೇಕು. ಇದಕ್ಕೆ ಕಾರಣ ತತ್ತ್ವಕ್ಕಿಂತ ಹೆಚ್ಚಾಗಿ ಭೂಗೋಲ. ಎರಡು ಲಕ್ಷ ಚಿಲ್ಲರೆ ಜನರ ಊರಿನಲ್ಲಿ ಒಂದೇ ಆಟವನ್ನು ಎಷ್ಟು ರಾತ್ರಿ ಆಡೀತು? ಬದುಕಬೇಕಾದರೆ ತಿರುಗಬೇಕು. ನಮ್ಮ ದಕ್ಷಿಣ ಕನ್ನಡದ ಮೇಳಗಳು ದೀಪಾವಳಿಯಿಂದ ಪತ್ತನಾಜೆಯವರೆಗೆ ಊರೂರು ತಿರುಗುವಂತೆ ಇವರೂ ತಿರುಗಿದರು. ಅಂತರ ಮಾತ್ರ ಗಾವುದಗಳಲ್ಲ, ನೂರಾರು ಮೈಲಿಗಳು. ಒಂದು ಬಸ್ಸು, ಒಂದು ಲಾರಿ, ಹಿಮದ ರಸ್ತೆ. ಒಳ್ಳೆಯ ರಂಗಮಂದಿರವಿದ್ದಲ್ಲಿ ಅಲ್ಲಿ. ಇಲ್ಲದಿದ್ದಲ್ಲಿ ಶಾಲೆಯ ವ್ಯಾಯಾಮಮಂದಿರದಲ್ಲಿ. ಬ್ಯಾಲೆಯನ್ನು ಚಿತ್ರದಲ್ಲಿಯೂ ಕಾಣದ ಗಣಿಕೆಲಸದ ಊರುಗಳು ನರ್ತಕಿಯ ಉಸಿರಾಟವನ್ನು ಹತ್ತಿರದಿಂದ ಕೇಳಿದವು.

ಹಾಗೆ ಹದಗೊಂಡ ಮೇಳ ಹೊರದೇಶಕ್ಕೂ ಹೆದರಲಿಲ್ಲ. ೧೯೬೪ರಲ್ಲಿ ಅಮೆರಿಕದ ಜೇಕಬ್ಸ್ ಪಿಲೊ ನೃತ್ಯೋತ್ಸವದಲ್ಲಿ ಆಡಿ ಹೆಸರು ಪಡೆಯಿತು, ಮರುವರ್ಷ ಲಂಡನ್. ೧೯೬೮ರಲ್ಲಿ ಪ್ಯಾರಿಸಿನ ಅಂತರರಾಷ್ಟ್ರೀಯ ನೃತ್ಯೋತ್ಸವದಲ್ಲಿ ಬಹುಮಾನಗಳನ್ನು ಗಳಿಸಿತು. ಮೇಳದ ಕ್ರಿಸ್ಟೀನ್ ಹೆನೆಸಿಗೆ ಚಿನ್ನದ ಪದಕ ಬಂದಿತು. ಬ್ಯಾಲೆಯ ಕಾಶಿಯೆನಿಸಿದ ರಷ್ಯಕ್ಕೂ ಹೋಗಿ ಬಂದಿತು. ಊರಿನಲ್ಲಿ ಚೀಟಿ ಕೊಳ್ಳಲು ಹಿಂದುಮುಂದು ನೋಡುತ್ತಿದ್ದವರು ಪ್ಯಾರಿಸಿನ ಸುದ್ದಿಯನ್ನು ಓದಿದ ಮೇಲೆ ಬಂದು ಕುಳಿತರೆಂದರೆ ನಮಗೇನೂ ಆಶ್ಚರ್ಯವಿಲ್ಲ. ಈ ಗುಣ ಎಲ್ಲ ದೇಶಗಳಿಗೂ ಸಾಮಾನ್ಯ.

ಹಣದ ಮಾತು ಬಂದುದರಿಂದ ಒಂದು ಸಂಗತಿ. ೧೯೫೭ರಲ್ಲಿ ಕೆನಡಾ ಸರ್ಕಾರ ಕಲೆಗಳ ಪೋಷಣೆಗೆಂದು ಕೆನಡಾ ಕೌನ್ಸಿಲ್ ಎಂಬ ಸಂಸ್ಥೆಯನ್ನು ನಿರ್ಮಿಸಿತು. ಅಷ್ಟರಲ್ಲಿ ಮಾಂಟ್ರಿಯಲ್ಲಿನಲ್ಲಿಯೂ ಲುಡ್ಮಿಲ ಶಿರಿಯೇವ ಅವರ ಮೇಳವೊಂದು ತಲೆಯೆತ್ತಿದ್ದಿತು. ಇರುವ ಅಲ್ಪಧನವನ್ನು ಒಂದೇ ರಾಷ್ಟ್ರೀಯ ಮೇಳಕ್ಕೆ ಸುರಿಯುವುದು ಲೇಸೊ, ಮೂರಕ್ಕೂ ಹಂಚುವುದು ಲೇಸೊ ಎಂಬ ವಾದ ಎದ್ದಿತು. ಕೊನೆಗೆ ಹಂಚಿದರು. ಹಂಚದೆ ಇದ್ದಿದ್ದರೆ ವಿನ್ನಿಪೆಗ್ಗಿನ ಮೇಳ ಅಂದೇ ಮುಗಿದಿರುತ್ತಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಂಚಿದ್ದರಿಂದ ರಾಷ್ಟ್ರೀಯ ಮೇಳ ಸೊರಗಿತೆಂದೂ ಯಾರೂ ಹೇಳಲಾರರು.

೧೯೭೧ರಲ್ಲಿ ಮೇಳ ಆಡಿದ ‘ರೀಟ ಜೋಳ ಉನ್ಮಾದ’ ಎಂಬುದು ಬೇರೊಂದು ದಿಕ್ಕಿಗೆ ಇಟ್ಟ ಹೆಜ್ಜೆ. ಮ್ಯಾನಿಟೋಬದ ಮೂಲನಿವಾಸಿಗಳಿಗೂ ಸರ್ಕಾರಕ್ಕೂ ಒಪ್ಪಂದಗಳಾಗಿ ಅಂದಿಗೆ ನೂರು ವರ್ಷ. ಆ ಒಪ್ಪಂದಗಳಿಂದ ನೆಲವನ್ನು ಕಳೆದುಕೊಂಡವರ ಸಂಘವೇ ಶತಮಾನದ ನೆನಪಿಗಾಗಿ ಒಂದು ನೃತ್ಯನಾಟಕವನ್ನು ಕಟ್ಟಿಕೊಡಿರೆಂದು ಮೇಳವನ್ನು ಕೇಳಿತು. ಜಾರ್ಜ್ ರೀಗನ ನಾಟಕವೊಂದನ್ನು ಆಧರಿಸಿ ನಾರ್ಬರ್ಟ್ ವೆಸಾಕ್ ಅದನ್ನು ಸಂಯೋಜಿಸಿದನು. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಮೂಲನಿವಾಸಿ ಹುಡುಗಿಯೊಬ್ಬಳು ನ್ಯಾಯಾಲಯಕ್ಕೂ ಬೀದಿಗೂ ನಡುವೆ ಸಿಕ್ಕಿ ಹತಳಾಗುವ ಕಥೆ. ಪ್ರೇಕ್ಷಕರು ತಮ್ಮ ಊರಿನ ಬೀದಿಯನ್ನೇ ನೋಡುತ್ತಿದ್ದರು. ‘ಧಾನ್ಯ’ದಲ್ಲಿ ಗೋಧಿಯ ಹೊಲವನ್ನು ಕೊಂಡಾಡಿದ ಮೇಳ, ಆ ಹೊಲ ಮೊದಲು ಯಾರದಾಗಿತ್ತೆಂಬುದನ್ನು ಹೇಳಲು ಮೂವತ್ತೆರಡು ವರ್ಷ ಹಿಡಿಯಿತು.

ಶಾಲೆಯ ವಿಷಯ. ೧೯೭೦ರಲ್ಲಿ ಡೇವಿಡ್ ಮೊರೋನಿ ಅವರ ಕೈಯಲ್ಲಿ ಮೇಳದ ಶಾಲೆಗೆ ವೃತ್ತಿಶಿಕ್ಷಣದ ವಿಭಾಗ ಸೇರಿತು. ಅಲ್ಲಿಂದ ಹೊರಬಂದವರಲ್ಲಿ ಮೊದಲು ಹೇಳಬೇಕಾದ ಹೆಸರು ಎವೆಲಿನ್ ಹಾರ್ಟ್. ಬಲ್ಗೇರಿಯದ ವಾರ್ನದಲ್ಲಿ ನಡೆಯುವ ಬ್ಯಾಲೆ ಸ್ಪರ್ಧೆ ಜಗತ್ತಿನಲ್ಲಿ ಬಹು ಕಠಿನವೆಂದು ಹೆಸರಾದದ್ದು. ೧೯೮೦ರಲ್ಲಿ 
ಹಾರ್ಟ್ ಅಲ್ಲಿ ಚಿನ್ನದ ಪದಕವನ್ನು ಗೆದ್ದಳು; ಜೊತೆಯ ಡೇವಿಡ್ ಪೆರೆಗ್ರೀನ್ ಕಂಚನ್ನು. ಆಮೇಲೆ ಯಾವ ಮಹಾನಗರದ ಮೇಳವಾದರೂ ಅವಳನ್ನು ಬರಮಾಡಿಕೊಳ್ಳುತ್ತಿದ್ದಿತು. ಅವಳು ಅತಿಥಿಯಾಗಿ ಹೋಗಿಬರುತ್ತಲಿದ್ದು, ಮನೆ ಮಾತ್ರ ವಿನ್ನಿಪೆಗ್ಗೆಂದು ಎರಡು ದಶಕಕ್ಕೂ ಮೀರಿ ಅಲ್ಲಿಯೇ ಉಳಿದಳು.

೧೯೮೮ರಲ್ಲಿ ಮೇಳಕ್ಕೆ ಗ್ರಹಾಂ ಅವೆನ್ಯೂವಿನಲ್ಲಿ ಸ್ವಂತದ ಹೊಸ ಕಟ್ಟಡವಾಯಿತು. ಸ್ಪೋರ್ ಆ ವರ್ಷವೇ ನಿವೃತ್ತನಾದನು. ಅವನ ಸ್ಥಾನಕ್ಕೆ ಬಂದ ಹಾಲೆಂಡಿನ ಹೆನಿ ಯುರಿಯನ್ಸ್ ಮರುವರ್ಷ ಮೋಟಾರು ಅಪಘಾತದಲ್ಲಿ ಮಡಿದನು. ಪೆರೆಗ್ರೀನ್ ಅದೇ ೧೯೮೯ರಲ್ಲಿ ವಿಮಾನ ಬಿದ್ದು ಸತ್ತನು. ಬೆಟ್ಟಿ ಫರಾಲಿಯವರೂ ಆ ವರ್ಷವೇ ಹೋದರು. ಒಂದು ಮೇಳಕ್ಕೆ ಒಂದು ವರ್ಷದಲ್ಲಿ ಇಷ್ಟು ಸಾವು ಹೆಚ್ಚಾಯಿತು. ಲಾಯ್ಡ್ ತಮ್ಮ ಶಿಷ್ಯೆಯೊಡನೆ ಪಶ್ಚಿಮದ ಕಿಲೋನ ಎಂಬ ಊರಿನಲ್ಲಿ ಮತ್ತೊಂದು ಶಾಲೆ ನಡೆಸಿಕೊಂಡು, ಶಿಷ್ಯೆಗಿಂತಲೂ ಹೆಚ್ಚು ಕಾಲ ಬಾಳಿ, ೧೯೯೩ರಲ್ಲಿ ತೊಂಬತ್ತು ದಾಟಿ ತೀರಿಕೊಂಡರು.

ಅಲ್ಲಿಂದ ಈಚಿನದನ್ನು ಬೇಗ ಹೇಳಬಹುದು. ೧೯೯೬ರಿಂದ ಕಾಲು ಶತಮಾನಕ್ಕೂ ಮೀರಿ ಆಂದ್ರೆ ಲೂಯಿಸ್ ಮೇಳವನ್ನು ನಡೆಸಿದನು. ೧೯೯೮ರಲ್ಲಿ ಮಾರ್ಕ್ ಗಾಡನ್ ಸಂಯೋಜಿಸಿದ ‘ಡ್ರಾಕುಲ’ವನ್ನು ವಿನ್ನಿಪೆಗ್ಗಿನವನೇ ಆದ ಗೈ ಮ್ಯಾಡಿನ್ ೨೦೦೨ರಲ್ಲಿ ಮೂಕಚಿತ್ರದ ಹಳೆಯ ಶೈಲಿಯಲ್ಲಿ ಚಲಚ್ಚಿತ್ರವನ್ನಾಗಿ ಮಾಡಿದನು. ೨೦೧೪ರಲ್ಲಿ, ಎಪ್ಪತ್ತೈದನೆಯ ವರ್ಷದ ನೆನಪಿಗೆ, ಅದೇ ಗಾಡನ್ ‘ಮನೆಗೆ ಮರಳುವ ನಕ್ಷತ್ರ’ ಎಂಬುದನ್ನು ಕಟ್ಟಿದನು. ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಬಲಾತ್ಕಾರವಾಗಿ ಬಿಡಿಸಿ, ಭಾಷೆಯನ್ನು ಮರೆಸಿ, ವಸತಿಶಾಲೆಗಳಲ್ಲಿ ಕೂಡಿದ ಕಥೆ. ಆ ಅನ್ಯಾಯವನ್ನು ವಿಚಾರಿಸಲು ನೇಮಕವಾಗಿದ್ದ ಆಯೋಗವೇ ಈ ಕೃತಿಗೆ ಬೆಂಬಲವಾಗಿದ್ದಿತು. ಜನ್ಮದಿನದ ಆಚರಣೆಗೆ ಹೂಮಾಲೆಯ ನೃತ್ಯವೊಂದನ್ನು ಆಡಿ ಮುಗಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಬೇಸಗೆಯಲ್ಲಿ ಮೇಳ ಅಸಿನಿಬೊಯಿನ್ ಉದ್ಯಾನದ ಬಯಲುರಂಗದಲ್ಲಿ ಕೆಲವು ಸಂಜೆ ಆಡುವ ರೂಢಿ ದಶಕಗಳಿಂದ ನಡೆದುಬಂದಿದೆ. ಚೀಟಿಯಿಲ್ಲ. ಜನರು ಹಚ್ಚಡ, ಮಡಚುವ ಕುರ್ಚಿ, ಬುತ್ತಿ ಹಿಡಿದು ಮಕ್ಕಳು ಮರಿಗಳೊಡನೆ ಬಂದು ಹುಲ್ಲಿನ ಮೇಲೆ ಕೂರುವರು. ಆ ಊರಿನ ಬೇಸಗೆಯ ಸೊಳ್ಳೆಗಳು ಲೋಕಪ್ರಸಿದ್ಧವಾದುದರಿಂದ, ಬಲ್ಲವರು ಮೈಗೆ ಹಚ್ಚುವ ಮುಲಾಮನ್ನೂ ತಪ್ಪದೆ ತರುವರು.